ಶ್ರೀ ಬರೆಯೋಕೆ ಕುಂಚ ಎಷ್ಟು ಸಲ ಎತ್ತಬೇಕು

ಬೋರ್ಡ್ ಬರೆಯೋದು ನನ್ನ ಕಸುಬು. 19ನೇ ವಯಸ್ಸಿಗೆ ಬ್ರಷ್ ಹಿಡಿದೆ, ಈಗ 52. ದಾವಣಗೆರೆಯ ಮಂಡಿಪೇಟೆ, ಚಾಮರಾಜಪೇಟೆ, ಅಶೋಕ ರಸ್ತೆ, ಪಿ.ಜೆ. ಬಡಾವಣೆ, ಎಲ್ಲ ಕಡೆ ಒಂದು ಕಾಲಕ್ಕೆ ನನ್ನ ಅಕ್ಷರ ಇತ್ತು. ಈಗ ಹುಡುಕಿಕೊಂಡು ಹೋದರೆ ಹತ್ತು ಹನ್ನೆರಡು ಸಿಗಬಹುದು. ಅದಕ್ಕೆ ಮರುಗೋಕೆ ಇದನ್ನ ಬರೀತಿಲ್ಲ. ಹದಿನಾಲ್ಕು ತಿಂಗಳಿಂದ ನಾನು ಮತ್ತು ನಮ್ಮಕ್ಕನ ಮಗಳು ಕೂತು ನನ್ನ ಬ್ರಷ್ ಅಕ್ಷರವನ್ನ ಕಂಪ್ಯೂಟರ್ ಫಾಂಟ್ ಮಾಡ್ತಾ ಇದ್ದೀವಿ. ಆ ಕೆಲಸದಲ್ಲಿ, ಮೂವತ್ತಮೂರು ವರ್ಷ ಕೈಯಲ್ಲಿ ಇಟ್ಟುಕೊಂಡಿದ್ದ ವಿದ್ಯೆಯ ಬಗ್ಗೆ ನನಗೇ ಗೊತ್ತಿಲ್ಲದ ಒಂದು ಸಂಗತಿ ಗೊತ್ತಾಯ್ತು. ಅದನ್ನ ಹೇಳಬೇಕು.

ಶುರುವಾಗಿದ್ದು ಒಂದು ಮಂಡಕ್ಕಿ ಮಿರ್ಚಿ ಅಂಗಡಿಯಿಂದ. ಹುಡುಗಿ ಇಲ್ಲಿಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಅಪ್ಲೈಡ್ ಆರ್ಟ್ ಓದಿದವಳು, ಮನೆಯಲ್ಲೇ ಕೂತು ಡಿಸೈನ್ ಕೆಲಸ ಮಾಡ್ತಾಳೆ. ಆ ಅಂಗಡಿ ಹೆಸರನ್ನ ಏಳೆಂಟು ಫಾಂಟಿನಲ್ಲಿ ಟೈಪ್ ಮಾಡಿ ನನ್ನ ಮುಂದೆ ಲ್ಯಾಪ್‌ಟಾಪ್ ತಿರುಗಿಸಿದಳು.

"ಮಾಮ, ಯಾವುದು ಹಾಕಿದ್ರೂ ಬ್ಯಾಂಕಿನ ಬೋರ್ಡ್ ನೋಡಿದಂಗೆ ಐತೆ. ಮಿರ್ಚಿ ತಿನ್ನಾಕೆ ಕರೆಯಂಗೇ ಇಲ್ಲ."

ನಾನು ಪಕ್ಕದಲ್ಲಿದ್ದ ಹಳೇ ಕ್ಯಾಲೆಂಡರ್ ತಿರುವಿ ಹಾಕಿ, ನಂಬರ್ 8 ಬ್ರಷ್ಷಲ್ಲಿ ಆ ಹೆಸರು ಬರೆದೆ. ಒಂದು ನಿಮಿಷದ ಕೆಲಸ. ಅವಳು ಅದನ್ನ ಸುಮಾರು ಹೊತ್ತು ನೋಡಿ, "ಇದನ್ನೇ ಫಾಂಟ್ ಮಾಡಣ" ಅಂದಳು.

ಕನ್ನಡದಲ್ಲಿ ಫಾಂಟ್ ಇಲ್ಲ ಅಂತ ಅಲ್ಲ. ಕಂಪ್ಯೂಟರಲ್ಲಿ ಕನ್ನಡ ಟೈಪ್ ಮಾಡೋಕೆ ಶೇಷಾದ್ರಿವಾಸು ಅವರ 'ಬರಹ' ಅನ್ನೋ ಸಾಫ್ಟ್‌ವೇರ್ 1998ರಲ್ಲಿ ಬಂತು, ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ನಮ್ಮೂರ ಡಿಟಿಪಿ ಸೆಂಟರುಗಳು ಹೊಟ್ಟೆ ತುಂಬಿಸಿಕೊಂಡಿದ್ದೇ ಅವುಗಳಿಂದ. ಈಗ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗೋವು ಇವೆ. ನೋಟೊ ಇದೆ. ದಪ್ಪಗೆ ದುಂಡಗೆ ಇರೋ ಬಾಲೂ ತಮ್ಮ ಇದೆ. ಹುಬ್ಬಳ್ಳಿ ಅಂತ ಒಂದು, ಬೆಣ್ಣೆ ಅಂತ ಒಂದು, ಅಕಾಯಾ ಕನಡಕ ಅಂತ ಒಂದು ಇದೆ. ಎಲ್ಲ ಗೌರವದ ಕೆಲಸ, ಮಾಡಿದವರಿಗೆ ಕೈ ಮುಗೀತೀನಿ. ಆದರೆ ಗೋಡೆ ಮೇಲೆ ಎನಾಮಲ್ಲಿನಲ್ಲಿ ಸಲೀಸಾಗಿ ಬರೆದ ಹಾಗಿರೋ ಅಕ್ಷರ, ದೊಡ್ಡದಾಗಿ ನಾಲ್ಕು ಪದ ಹಾಕೋಕೆ ಅಂತಲೇ ಇರೋ ಅಕ್ಷರ, ನಮಗೆ ಬೇಕಾದ ಹಾಗೆ ಸಿಗಲಿಲ್ಲ. 2024ರ ತಿದ್ದುಪಡಿ ಕಾಯ್ದೆ ಬಂದು ನಾಮಫಲಕದಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಅಂತಾದ ಮೇಲೆ ಊರು ತುಂಬ ಕನ್ನಡ ಬೋರ್ಡ್ ಎದ್ದವು. ನನಗೆ ಬಹಳ ಖುಷಿ ಆಯ್ತು. ಆದರೆ ಪಿ.ಬಿ. ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಚಪ್ಪಲಿ ಅಂಗಡಿ, ದವಾಖಾನೆ, ಬೇಕರಿ ಎಲ್ಲದಕ್ಕೂ ಅದೇ ಎರಡು ಮೂರು ಅಕ್ಷರದ ವೇಷ.

ಇಂಗ್ಲಿಷಿನವರು ಈ ಕೆಲಸ ಯಾವತ್ತೋ ಮಾಡಿ ಮುಗಿಸಿದ್ದಾರೆ. ಬ್ರಷ್ ಸ್ಕ್ರಿಪ್ಟ್ ಅನ್ನೋ ಅಕ್ಷರವನ್ನ ರಾಬರ್ಟ್ ಇ. ಸ್ಮಿತ್ ಅನ್ನುವವರು ಅಮೆರಿಕನ್ ಟೈಪ್ ಫೌಂಡರ್ಸ್‌ಗೆ ಮಾಡಿಕೊಟ್ಟಿದ್ದು 1942ರಲ್ಲಿ. ಫ್ರಾನ್ಸಿನ ರೋಜೆ ಎಕ್ಸ್‌ಕೊಫೋನ್ ಮಾಡಿದ ಮಿಸ್ಟ್ರಾಲ್ 1953ರದು. ಅವೆಲ್ಲ ಸೀಸದ ಅಚ್ಚಿನ ಮೊಳೆಗಳ ಕಾಲದವು ಅನ್ನೋದು ಗಮನಿಸಬೇಕು. ನಮ್ಮ ಕಡೆ ಮದುವೆ ಕಾರ್ಡುಗಳಲ್ಲಿ ಹುಡುಗ ಹುಡುಗಿ ಹೆಸರಿನ ನಡುವೆ ಇಂಗ್ಲಿಷಲ್ಲಿ 'ವೆಡ್ಸ್' ಅಂತ ಓರೆಯಾಗಿ ಇರುತ್ತಲ್ಲ, ಎಷ್ಟೋ ಸಲ ಅದು ಆ ಬ್ರಷ್ ಸ್ಕ್ರಿಪ್ಟೇ. ಅದರ ಕೆಳಗೆ ಕನ್ನಡ ಹೆಸರು ಬಂದಾಗ ಆಪರೇಟರ್ ಏನು ಮಾಡ್ತಾನೆ? ಇರೋ ಕನ್ನಡ ಫಾಂಟನ್ನೇ ಬಲಕ್ಕೆ ಬಗ್ಗಿಸಿ ಜೋಡಿ ಮಾಡ್ತಾನೆ.

ಬಗ್ಗಿಸಿದರೆ ಬ್ರಷ್ ಅಕ್ಷರ ಆಗಲ್ಲ. ಇಂಗ್ಲಿಷ್ ಕೂಡುಬರಹದಲ್ಲಿ ಕೈ ಮುಂದಕ್ಕೆ ಓಡುತ್ತೆ, ಒಂದು ಅಕ್ಷರದ ಬಾಲ ಹಿಡಿದು ಇನ್ನೊಂದು ಬರುತ್ತೆ. ಕನ್ನಡದಲ್ಲಿ ಕೈ ಸುತ್ತುತ್ತೆ. ಒಂದೊಂದು ಅಕ್ಷರವೂ ತನ್ನ ಜಾಗದಲ್ಲೇ ಕುಂತು ದುಂಡಗೆ ತಿರುಗಿ ಮುಗಿಯುತ್ತೆ. ನನ್ನ ಕೈಯಲ್ಲಿ ತಲಕಟ್ಟು ಕೊನೆಗೆ ಬರುತ್ತೆ. ಎಡಕ್ಕೆ ಒತ್ತಿ, ಬಲಕ್ಕೆ ಮೇಲೆತ್ತಿ ಬಿಡೋದು. ಆ ಬಿಡೋ ಜಾಗದಲ್ಲಿ ಬ್ರಷ್ಷಿನ ಕೂದಲು ಸೀಳಿ ಎರಡು ಮೂರು ಗೆರೆ ಉಳಿಯುತ್ತವೆ. ನಮ್ಮ ಸಲೀಸುತನ ಇರೋದು ಅಲ್ಲಿ, ಓರೆಯಲ್ಲಲ್ಲ. ಆಮೇಲೆ ಕೆಳಗೆ ಇಳಿದು ಒತ್ತು ಕೊಡಬೇಕು. ಮೇಲೆ, ಕೆಳಗೆ, ಸುತ್ತ, ಹೀಗೆ ಹೋಗೋ ಕೈ ನಮ್ಮದು.

ಪರೀಕ್ಷೆಗೆ ನಾವು ಆರಿಸಿಕೊಂಡ ಪದ 'ಚಿತ್ರದುರ್ಗ'. ಪಕ್ಕದ ಊರಿನ ಮೇಲಿನ ಪ್ರೀತಿ ಅಂತಲ್ಲ (1997ರವರೆಗೆ ನಾವೂ ಆ ಜಿಲ್ಲೆಯವರೇ). ಆ ನಾಲ್ಕು ಅಕ್ಷರದೊಳಗೆ ಗುಡಿಸು ಇದೆ, ರ ಒತ್ತು ಇದೆ, ಕೊಂಬು ಇದೆ, ಅರ್ಕಾವತ್ತು ಇದೆ. ಚಿತ್ರದುರ್ಗ ಸರಿ ಬಂದರೆ ಅರ್ಧ ಕನ್ನಡ ಸರಿ ಬಂದ ಹಾಗೆ.

ಮೊದಲ ಎರಡು ತಿಂಗಳ ಕೆಲಸ ಪೂರ್ತಿ ಹಾಳಾಯ್ತು. ಆರ್ಟ್ ಪೇಪರ್ ಮೇಲೆ ಇಂಡಿಯನ್ ಇಂಕಲ್ಲಿ ಅ ಆ ಇ ಈ ಇಂದ ಳ ತನಕ ಬರೆದೆ. ಪೆನ್ಸಿಲ್ ಗೆರೆ ಹಾಕಿಕೊಂಡು, ಉಸಿರು ಹಿಡಿದು ಬರೆದೆ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರಿನಲ್ಲಿ ಅಕ್ಷರದ ಅಂಚಿಗೆ ಗೆರೆ ಎಳೆದು ಟ್ರೇಸ್ ಮಾಡಿ, ಫಾಂಟ್‌ಫೋರ್ಜ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಕೂರಿಸಿದಳು. ಚಿತ್ರದುರ್ಗ ಅಂತ ಟೈಪ್ ಮಾಡಿ ಇಬ್ಬರೂ ನೋಡಿದೆವು.

"ಮಾಮ, ಇದು ನೀನು ಬರೆದಂಗೆ ಇಲ್ಲ. ಪರೀಕ್ಷೆ ಬರೆದಂಗೆ ಐತೆ."

ನಿಜ. ಬಿಡಿ ಅಕ್ಷರ ಬರೆಯೋ ಅಭ್ಯಾಸ ನನ್ನ ಕೈಗೆ ಇಲ್ಲವೇ ಇಲ್ಲ. ನಾನು ಯಾವತ್ತೂ ಅಂಗಡಿ ಹೆಸರು ಬರೆದವನು, ವರ್ಣಮಾಲೆ ಬರೆದವನಲ್ಲ. ಅವಳೇ ದಾರಿ ಹುಡುಕಿದಳು. ಹಿತ್ತಲ ಗೋಡೆಗೆ ಪೇಪರ್ ಅಂಟಿಸಿ, "ನಿಂಗೆ ನೆನಪಿರೋ ಅಂಗಡಿ ಹೆಸರೆಲ್ಲ ಬರಿ, ನಿಂತ್ಕಂಡು ಬರಿ" ಅಂದಳು. ಬರೆದೆ. ಮುಚ್ಚಿಹೋದ ಹತ್ತಿ ಮಂಡಿಗಳು, ಕಾಟನ್ ಮಿಲ್ಲಿನ ಎದುರಿದ್ದ ಚಹಾದಂಗಡಿ, ಸೈಕಲ್ ಶಾಪು, ಖಾನಾವಳಿ, ಟೈಲರ್, ಕಿರಾಣಿ. ನಾಲ್ಕು ದಿನದಲ್ಲಿ ಮುನ್ನೂರರ ಹತ್ತಿರ ಹೆಸರು ಬಂದವು. ಎಷ್ಟೋ ಹೆಸರು ತಲೆಗೆ ನೆನಪಿರಲಿಲ್ಲ, ಕೈ ಬರೆದ ಮೇಲೆ ನೆನಪಾದವು. ನಮ್ಮ ಫಾಂಟಿನ ಅಕ್ಷರಗಳೆಲ್ಲ ಆ ಹೆಸರುಗಳಿಂದ ಬಿಡಿಸಿ ತಂದವು. ಮ ಬಂದಿದ್ದು ಒಂದು ಮಸಾಲೆ ಗಿರಣಿಯಿಂದ, ಹ ಬಂದಿದ್ದು ಹೂವಿನ ಅಂಗಡಿಯಿಂದ.

ಅಲ್ಲಿಂದ ಮುಂದೆ ಕಷ್ಟ ಬೇರೆ ಥರದ್ದು. ಕನ್ನಡದಲ್ಲಿ 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಒಂದೊಂದಕ್ಕೂ ಒತ್ತು. ಪೂರ್ತಿ ಬಿಡಿಬಿಡಿಯಾಗಿ ಬರೆಯೋ ಬದಲು ಫಾಂಟ್ ಮಾಡುವವರು ಸಾಮಾನ್ಯವಾಗಿ ತಲಕಟ್ಟು ಇಲ್ಲದ ಮೈಯನ್ನ ಒಂದು ಕಡೆ, ತಲಕಟ್ಟು, ಏತ್ವ ಇಂಥವನ್ನ ಇನ್ನೊಂದು ಕಡೆ ಇಟ್ಟು ಕೂಡಿಸ್ತಾರೆ. ಅಚ್ಚಿನ ಅಕ್ಷರಕ್ಕೆ ಅದು ಸರಿ. ಬ್ರಷ್ಷಿನ ಅಕ್ಷರದಲ್ಲಿ ಕೂಡಿಸಿದ ಜಾಗ ಕಣ್ಣಿಗೆ ಹೊಡೆಯುತ್ತೆ, ಹೊಲಿಗೆ ಬಿಟ್ಟ ಅಂಗಿ ಹಾಗೆ. ಅದಕ್ಕೇ ಕಿ, ತಿ, ನಿ, ರಿ, ಲಿ ಥರದ ಪದೇ ಪದೇ ಬರೋ ಅಕ್ಷರಗಳನ್ನೆಲ್ಲ ಇಡಿಯಾಗಿಯೇ ತಗೊಂಡೆವು.

ಕೊಂಬಿನ ವಿಷಯದಲ್ಲಿ ನನ್ನ ಅನುಭವ ಕೆಲಸಕ್ಕೆ ಬಂತು. ಕೊಂಬನ್ನ ಎಲ್ಲ ಅಕ್ಷರಕ್ಕೂ ಒಂದೇ ಎತ್ತರದಲ್ಲಿ ಬಲಕ್ಕೆ ಅಂಟಿಸಿ ಅಂತ ಅವಳು ನಿಯಮ ಬರೆದಿದ್ದಳು. 'ಹೂವು' ಅಂತ ಟೈಪ್ ಮಾಡಿದರೆ 'ಹೂಮ' ಅಂತ ಕಾಣ್ತಿತ್ತು. ವ ಪಕ್ಕ ಮಾಮೂಲಿ ಜಾಗದಲ್ಲಿ ಕೊಂಬು ಕೊಟ್ಟರೆ ಅದು ಮ ಆಗಿಬಿಡುತ್ತೆ ತಾಯಿ, ಅದಕ್ಕೇ ವು, ಪು ಬರೆಯುವಾಗ ಕೊಂಬನ್ನ ಕೆಳಕ್ಕೆ ಇಳಿಸಿ ಕೊಡೋದು ಅಂದೆ. ಓದೋಕೆ ಕಲಿತ ಯಾರಿಗಾದರೂ ಇದು ಗೊತ್ತು, ಆದರೆ ಗೊತ್ತಿರೋದು ಕಂಪ್ಯೂಟರಿಗೆ ಹೇಳಬೇಕಾದಾಗ ಮರೆತು ಹೋಗುತ್ತೆ. ಹಾಗೇ 'ಸೂರ್ಯ'ಕ್ಕೆ ಅರ್ಕಾವತ್ತು ಬೇಕು, 'ರ‍್ಯಾಂಕ್' ಅನ್ನೋಕೆ ರ ಕೆಳಗೆ ಯ ಒತ್ತೇ ಬೇಕು. ಟ್ಯೂಷನ್ ಕಾಲೇಜು ಇಷ್ಟಿರೋ ಊರಲ್ಲಿ ರ‍್ಯಾಂಕ್ ಬರದ ಫಾಂಟ್ ಯಾರು ತಗೋತಾರೆ?

ಇನ್ನೊಂದು, 'ಕನಕ'. ನಾನು ಗೋಡೆ ಮೇಲೆ ಕನಕ ಅಂತ ಬರೆದರೆ ಎರಡು ಕ ಒಂದೇ ಥರ ಬರೋದಿಲ್ಲ. ಮೊದಲನೆಯದಕ್ಕೆ ಬ್ರಷ್ಷಲ್ಲಿ ಬಣ್ಣ ಜಾಸ್ತಿ, ಎರಡನೆಯದಕ್ಕೆ ಕಮ್ಮಿ. ಫಾಂಟಲ್ಲಿ ಎರಡೂ ಒಂದೇ ಅಚ್ಚು. ಕೈಬರಹದ ಫಾಂಟ್ ಅಂತ ಹೇಳಿಕೊಂಡು ಒಂದೇ ಕಡೆ ಒಂದೇ ಥರ ಕೂದಲು ಸೀಳಿದ ಎರಡು ಕ ಅಕ್ಕಪಕ್ಕ ಬಂದರೆ ನೋಡುವವನಿಗೆ ಸುಳ್ಳು ಅನ್ನಿಸುತ್ತೆ. ಹಾಗಾಗಿ ಹೆಚ್ಚು ಬಳಕೆಯ 22 ಅಕ್ಷರಗಳಿಗೆ ಮೂರು ಮೂರು ರೂಪ ಇಟ್ಟಿದ್ದೀವಿ. ಹತ್ತಿರದಲ್ಲಿ ಅದೇ ಅಕ್ಷರ ಮತ್ತೆ ಬಂದರೆ ಫಾಂಟ್ ತಾನೇ ಬೇರೆ ರೂಪ ಹಾಕುತ್ತೆ. ಆ ನಿಯಮ ಬರೆದಿದ್ದು ಅವಳು. ಅದು ಮೊದಲ ಸಲ ಕೆಲಸ ಮಾಡಿದ ರಾತ್ರಿ 'ಕನಕ' ಅಂತ ಎಷ್ಟು ಸಲ ಟೈಪ್ ಮಾಡಿದೆನೋ ಲೆಕ್ಕ ಇಲ್ಲ.

ಒತ್ತಿನ ಜಗಳ ಇನ್ನೂ ಮುಗಿದಿಲ್ಲ. 'ಸ್ತ್ರೀ', 'ರಾಷ್ಟ್ರೀಯ' ಇಂಥ ಪದ ಬಂದಾಗ ಕೆಳಗೆ ಎರಡೆರಡು ಒತ್ತು ಇಳಿಯುತ್ತವೆ. ಬೋರ್ಡಿನ ಮೇಲೆ ನಾನು ಎರಡೂ ಸಾಲು ಚಾಕಿನಲ್ಲಿ ಮೊದಲೇ ಗುರುತು ಮಾಡಿಕೊಂಡಿರ್ತೀನಿ. ಕೆಳಗಿನ ಸಾಲಲ್ಲಿ ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ಮೇಲಿನ ಒತ್ತು ಇಳಿಸ್ತೀನಿ, ಜಾಗ ಇಲ್ಲದ ಕಡೆ ಗಿಡ್ಡ ಮಾಡ್ತೀನಿ. ಫಾಂಟಿಗೆ ಕೆಳಗಿನ ಸಾಲು ಕಾಣಲ್ಲ. ಸದ್ಯಕ್ಕೆ ಉದ್ದ ಬಾಲದ ಒತ್ತು, ಗಿಡ್ಡ ಒತ್ತು ಅಂತ ಎರಡು ಇಟ್ಟಿದ್ದೀವಿ, ಆರಿಸೋದು ಬಳಸುವವರಿಗೆ ಬಿಟ್ಟಿದ್ದು.

ಈಗ ಶ್ರೀ ವಿಷಯಕ್ಕೆ ಬರ್ತೀನಿ.

ನನ್ನ ಗುರುಗಳು ನಾಟಕ ಕಂಪನಿಗಳಿಗೆ ಬೋರ್ಡ್, ಪರದೆ ಬರೆದು ಬಂದವರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು, ಆ ಕಾಲಕ್ಕೆ ದೊಡ್ಡ ಅಕ್ಷರ ಬರೆಯುವವರಿಗೆ ಇಲ್ಲಿ ಕೈತುಂಬ ಕೆಲಸ ಇತ್ತು. ಗುರುಗಳ ಶ್ರೀ ಅಂದರೆ ಕಸುಬಿನವರೆಲ್ಲ ನಿಂತು ನೋಡೋರು. ಶ ದಪ್ಪಗೆ ಕುಂತಿರೋದು, ಅದರ ಮೇಲೆ ಗುಡಿಸು, ದೀರ್ಘ. ಕೆಳಗಿಂದ ರ ಒತ್ತು ಹೊರಟು, ಅಂಗಡಿ ಹೆಸರಿನ ಕೆಳಗೇ ಒಂದೂವರೆ ಅಡಿ ಬಾಲ ಬೀಸಿ ಹೋಗೋದು. ಒಂದೇ ಉಸಿರಲ್ಲಿ ಎಳೆದ ಹಾಗೆ. ಅವರು ಶ್ರೀಯನ್ನ ಬೆಳಿಗ್ಗೆ ಊದುಬತ್ತಿ ಹಚ್ಚಿ ಒಬ್ಬರೇ ಬರೀತಿದ್ದರು, ನಾವು ಹುಡುಗರು ಬರೋ ಹೊತ್ತಿಗೆ ಅದು ಒಣಗಿರೋದು. "ಲೇ ತಮ್ಮ, ಉಳಿದದ್ದು ನೀವು ತುಂಬ್ರಿ" ಅನ್ನೋರು. ಹಾಗಾಗಿ ಅವರು ಅದನ್ನ ಬರೆಯೋದನ್ನ ನಾನು ಕಣ್ಣಾರೆ ನೋಡಿಲ್ಲ. ಒಂದೇ ಎಳೆತ ಅಂತ ನಂಬಿ, ಅದನ್ನೇ ಅಭ್ಯಾಸ ಮಾಡಿದೆ. ನನ್ನ ಬಾಲ ಯಾವತ್ತೂ ಅರ್ಧಕ್ಕೆ ಬಣ್ಣ ಆರಿ ಸೊರಗಿ ಹೋಗ್ತಿತ್ತು. ಅವರಷ್ಟು ಕೈ ನನಗಿಲ್ಲ ಅಂತ ಸುಮ್ಮನಾಗಿದ್ದೆ.

ಅವರು ತೀರಿಕೊಂಡು ವರ್ಷಗಳಾದವು. ಅವರ ಒಂದು ಶ್ರೀ ಮಂಡಿಪೇಟೆ ಕಡೆಯ ಒಂದು ಹಳೇ ಗೋಡೌನಿನ ತೂಕದ ಕೋಣೆ ಗೋಡೆ ಮೇಲೆ ಉಳಿದಿತ್ತು. ಫಾಂಟಿನಲ್ಲಿ ಶ್ರೀ ಮಾತ್ರ ಅವರದೇ ಇರಲಿ ಅಂತ ನನಗೆ ಆಸೆ. ಸಾಹುಕಾರರನ್ನ ಕೇಳಿದೆ. "ಬರ್ರಿ ಪೇಂಟ್ರೇ, ಗೋಡೆ ಏನ್ ಸವೀತತಾ" ಅಂದರು.

ಬಟರ್ ಪೇಪರ್ ತಗೊಂಡು ಸಂಜೆ ಐದರ ಹೊತ್ತಿಗೆ ಹೋದೆ. ಪಡುವಣ ಕಿಟಕಿಯಿಂದ ಬಿಸಿಲು ಗೋಡೆ ಮೇಲೆ ಅಡ್ಡಡ್ಡ ಬೀಳ್ತಿತ್ತು. ಪೇಪರ್ ಅಂಟಿಸೋಕೆ ಮುಂಚೆ ಧೂಳು ಒರೆಸಿದೆ, ಬೆರಳು ಬಾಲದ ಮೇಲೆ ಹರೀತು. ಮಧ್ಯದಲ್ಲಿ ಬೆರಳಿಗೆ ಏನೋ ತಡೀತು. ಬಗ್ಗಿ ನೋಡಿದೆ. ಓರೆ ಬಿಸಿಲಿಗೆ ಕಾಣ್ತಿತ್ತು. ಒಂದು ಎಳೆತ ಅಲ್ಲಿಗೆ ತೆಳ್ಳಗಾಗಿ ಮುಗಿದಿದೆ, ಅದರ ಮೇಲೇ ಇನ್ನೊಂದು ಎಳೆತ ಹೊಸ ಬಣ್ಣ ತುಂಬಿಕೊಂಡು ಶುರುವಾಗಿದೆ. ಎನಾಮಲ್ ಮೇಲೆ ಎನಾಮಲ್ ಕುಂತ ಅಂಚು, ಉಗುರಿಗೆ ಸಿಗುವಷ್ಟು. ಶ ಮತ್ತು ಗುಡಿಸಿನ ನಡುವೆ ಒಂದು ಸಲ, ಬಾಲದ ನಡುವೆ ಇನ್ನೊಂದು ಸಲ. ಎರಡು ಸಲ ಕುಂಚ ಎತ್ತಿದ್ದಾರೆ. ಬಾಲದಲ್ಲಿ ಎತ್ತಿದ್ದು ಎಲ್ಲಿ ಅಂದರೆ, ಮೇಲಿನ ಹೆಸರಿನ ಒತ್ತೊಂದು ಬಂದು ಬಾಲವನ್ನ ಮುಟ್ಟೋ ಕಡೆ. ಅಲ್ಲಿ ಕಣ್ಣು ಒತ್ತನ್ನ ನೋಡುತ್ತೆ, ಜೋಡಣೆ ನೋಡಲ್ಲ. ಬ್ರಷ್ ಒಂದೂವರೆ ಅಡಿಗೆ ಬೇಕಾದಷ್ಟು ಬಣ್ಣ ಹಿಡಿಯಲ್ಲ ಅಂತ ಅವರಿಗೆ ಗೊತ್ತಿತ್ತು, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಶುರು ಮಾಡೋ ಮೊದಲೇ ಗೊತ್ತು ಮಾಡಿಕೊಂಡಿದ್ದರು.

ಅಲ್ಲೇ ಹತ್ತಿ ತೂಕದ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಇಷ್ಟು ವರ್ಷ ನನ್ನ ಕೈ ಕಮ್ಮಿ ಅಂದುಕೊಂಡಿದ್ದೆನಲ್ಲ, ಅದು ಕೈಯ ವಿಷಯವೇ ಆಗಿರಲಿಲ್ಲ.

ಮಾರನೇ ದಿನ ಟ್ರೇಸ್ ಮಾಡುವಾಗ ಬಾಲದ ಮಧ್ಯದಲ್ಲಿ ಆ ಸಣ್ಣ ಉಬ್ಬು ಬಂತು. "ಎರಡು ಪಾಯಿಂಟ್ ತೆಗೆದ್ರೆ ನುಣ್ಣಗಾಗುತ್ತೆ ಮಾಮ" ಅಂತ ಅವಳು ಮೌಸ್ ಹಿಡಿದಳು. ಬೇಡ ಅಂದೆ. ಕಾರಣ ಕೇಳಿದಳು, ಹೇಳಿದೆ. ಉಬ್ಬು ಹಾಗೇ ಇದೆ. ನೀವು ಈ ಫಾಂಟಿನಲ್ಲಿ ಶ್ರೀ ಅಂತ ಟೈಪ್ ಮಾಡಿ ದೊಡ್ಡದು ಮಾಡಿದರೆ ನಿಮಗೂ ಕಾಣುತ್ತೆ. ಅದಾದ ಮೇಲೆ ನನ್ನ ಅರ್ಧ ಅಕ್ಷರಗಳನ್ನ ಮತ್ತೆ ಬರೆದೆ, ಈ ಸಲ ಎಲ್ಲಿ ಎತ್ತಬೇಕು ಅಂತ ಮೊದಲೇ ನೋಡಿಕೊಂಡು. ವಿಚಿತ್ರ ಅಂದರೆ ಇವು ಮೊದಲಿನವಕ್ಕಿಂತ ಸಲೀಸಾಗಿ ಕಾಣ್ತವೆ.

ಒಂದು ಪೆಟ್ಟು ತಿಂದಿದ್ದನ್ನೂ ಹೇಳಿಬಿಡ್ತೀನಿ, ಬೇರೆಯವರಿಗೆ ಉಪಯೋಗ ಆಗಲಿ. ಮೊದಲ ಬ್ಯಾನರ್ ಪ್ರಿಂಟ್ ಹಾಕಿಸೋಕೆ ಫಾಂಟ್ ಫೈಲ್ ಪೆನ್‌ಡ್ರೈವಲ್ಲಿ ಕೊಟ್ಟು ಬಂದೆವು. ಸಂಜೆ ಹೋಗಿ ನೋಡಿದರೆ ಒತ್ತು ಒಂದು ಕಡೆ, ಅರ್ಕಾವತ್ತು ಒಂದು ಕಡೆ ಬಿದ್ದಿದ್ದವು, ಆರು ಅಡಿ ಬಟ್ಟೆ ವೇಸ್ಟ್. ಹಳೇ ಡಿಟಿಪಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿರ್ತಾರೆ. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಮನೆ ಇದೆ, ಆದರೆ ಅಕ್ಷರ ಕೂಡಿಸೋ ನಿಯಮ ಫಾಂಟಿನೊಳಗೆ ಇರುತ್ತೆ, ಅದನ್ನ ಓದೋ ಶಕ್ತಿ ಸಾಫ್ಟ್‌ವೇರಿಗೆ ಇರಬೇಕು. ಹಳೇ ಸಾಫ್ಟ್‌ವೇರಿಗೆ ಅದಿಲ್ಲ. ಈಗ ನಾವು ಇಂಕ್‌ಸ್ಕೇಪಿನಲ್ಲೇ ಬರೆದು, ಅಕ್ಷರವನ್ನ ಗೆರೆಯ ಆಕಾರಕ್ಕೆ ಬದಲಾಯಿಸಿ, ಪಿಡಿಎಫ್ ಮಾಡಿಯೇ ಕೊಡೋದು. ಎಲ್ಲಿ ಕೊಟ್ಟರೂ ಹಾಗೇ ಬರುತ್ತೆ.

ಹೆಸರು 'ಮಂಡಕ್ಕಿ' ಅಂತ ಇಡೋಣ ಅಂದಳು. ಬೆಣ್ಣೆ ಅನ್ನೋ ಫಾಂಟ್ ಆಗಲೇ ಇದೆ, ದಾವಣಗೆರೆಗೆ ಉಳಿದಿದ್ದು ಅದೇ. ಒಂದೊಂದು ಕಾಳೂ ಒಂದೊಂದು ಥರ ಅರಳಿರುತ್ತೆ, ಹೆಸರು ಒಪ್ಪುತ್ತೆ ಅನ್ನಿಸ್ತು. ಓಪನ್ ಫಾಂಟ್ ಲೈಸೆನ್ಸಿನಲ್ಲಿ ಬಿಡ್ತೀವಿ. ಯಾರು ಬೇಕಾದರೂ ಬೋರ್ಡಿಗೆ, ಕಾರ್ಡಿಗೆ, ವ್ಯಾಪಾರಕ್ಕೆ ದುಡ್ಡಿಲ್ಲದೆ ಬಳಸಬಹುದು, ತಿದ್ದಬಹುದು. ಫಾಂಟನ್ನೇ ಒಂಟಿಯಾಗಿ ಮಾರಬಾರದು, ಅಷ್ಟೇ.

ಮೊನ್ನೆ ಕೊನೆಯ ಫೈಲ್ ಮಾಡುವಾಗ ಫಾಂಟ್‌ಫೋರ್ಜಿನಲ್ಲಿ ವಿನ್ಯಾಸಕಾರರ ಹೆಸರು ಅಂತ ಒಂದು ಖಾನೆ ಬಂತು. ನನಗೆ ಬ್ರಹ್ಮಗಿರಿ ನೆನಪಾಯ್ತು. ಮೊಳಕಾಲ್ಮೂರು ತಾಲ್ಲೂಕಿಗೆ ಒಂದು ಸಲ ಸೊಸೈಟಿ ಬೋರ್ಡ್ ಬರೆಯೋಕೆ ಹೋದವನು ಆ ಅಶೋಕನ ಶಾಸನದ ಬಂಡೆ ನೋಡಿ ಬಂದಿದ್ದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆ ಹಚ್ಚಿದ್ದು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು, ಬ್ರಾಹ್ಮಿ ಲಿಪಿ. ರಾಜನ ಮಾತೆಲ್ಲ ಮುಗಿದ ಮೇಲೆ ಕೊನೆಗೆ ಬರೆದವನ ಹೆಸರಿದೆ, ಚಪಡ ಅಂತ. ತಾನು ಲಿಪಿಕರ ಅನ್ನೋ ಪದವನ್ನ ಅವನು ಬ್ರಾಹ್ಮಿ ಬಿಟ್ಟು ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ವಾಯವ್ಯದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯೋದು. ನಾವು ಬೋರ್ಡಿನ ಬಲ ಮೂಲೆಯಲ್ಲಿ ಸಣ್ಣಗೆ ಹೆಸರು ಹಾಕಿ 'ಆರ್ಟ್ಸ್' ಅಂತ ಬರ್ಕೊಳ್ತೀವಲ್ಲ, ಅದೇ ಕೆಲಸ. ಆ ಬಂಡೆ ಮುಂದೆ ನಿಂತಾಗ ನನಗೆ ಅವನು ನಮ್ಮವನು ಅನ್ನಿಸಿತ್ತು.

ಅವಳು ನನ್ನ ಹೆಸರು ಟೈಪ್ ಮಾಡಿ ಮುಗಿಸಿದ್ದಳು. ಅಳಿಸು ಅಂದೆ. ಮೊದಲು ಗುರುಗಳ ಹೆಸರು, ಆಮೇಲೆ ನನ್ನದು, ಆಮೇಲೆ ನಿನ್ನದು ಅಂದೆ. "ನಂದ್ಯಾಕೆ ಮಾಮ, ನಾನು ಬರೀ ಪಾಯಿಂಟ್ ಎಳೆದಿದ್ದು" ಅಂದಳು. ಗುರುಗಳ ಬೋರ್ಡಿಗೆ ನಾನೂ ಬರೀ ಬಣ್ಣ ತುಂಬಿದವನೇ ತಾಯಿ ಅಂದೆ. ಮೂರೂ ಹೆಸರು ಟೈಪ್ ಮಾಡಿ ಸೇವ್ ಮಾಡಿದಳು. ಕ್ಷ ಮತ್ತು ಜ್ಞ ಇನ್ನೂ ನನಗೆ ಸಮಾಧಾನ ಆಗಿಲ್ಲ. ಈ ಭಾನುವಾರ ಅವೆರಡನ್ನೂ ಮತ್ತೆ ಬರೀಬೇಕು, ಹಿತ್ತಲ ಗೋಡೆಗೆ ಪೇಪರ್ ಅಂಟಿಸಿ ಆಗಿದೆ.